ಕಳೆದುಹೋದ ಉಂಗುರ, ಓಲೆ, ಸರ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿ ಕಡೆಯವನು. ಕೆಲವು ವರ್ಷಗಳಿಂದ ಮೆಟಲ್ ಡಿಟೆಕ್ಟರ್ ಹಿಡಿದು ಜನರು ಕಳೆದುಕೊಂಡ ಒಡವೆ ಹುಡುಕಿಕೊಡುತ್ತಿದ್ದೇನೆ. ಮಲ್ಪೆ ಕಡಲ ತೀರದ ಹೊಯ್ಗೆಯಲ್ಲಿ (ಮರಳಿನಲ್ಲಿ), ಮನೆಯಂಗಳದಲ್ಲಿ, ಅಡಿಕೆ ತೋಟದಲ್ಲಿ, ಕೆಲವೊಮ್ಮೆ ಗೊಬ್ಬರದ ಗುಂಡಿಯಲ್ಲಿ. ಫೋನ್ ಮಾಡುವವರ ದನಿ ಬೇರೆ ಬೇರೆ, ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಈಗಷ್ಟೇ ಒಡವೆ ಕಳೆದುಕೊಂಡು ಓದುತ್ತಿದ್ದರೆ ಮೊದಲ ಎರಡು ಉತ್ತರ ಓದಿ, ಉಳಿದದ್ದು ಆಮೇಲೆ.

ಉಂಗುರ ಈಗಷ್ಟೇ ಬಿತ್ತು. ಮೊದಲು ಏನು ಮಾಡಲಿ?

ನಿಂತಲ್ಲೇ ನಿಲ್ಲಿ. ಆ ಗಳಿಗೆಯಲ್ಲಿ ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಬೆರಳು ಖಾಲಿ ಕಂಡ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಎರಡೂ ಕೈಯಲ್ಲಿ ಮಣ್ಣು ಬಗೆಯಲು ಶುರು ಮಾಡುತ್ತೇವೆ. ಮರಳಿನಲ್ಲಿ ಅದೇ ದೊಡ್ಡ ತಪ್ಪು. ಎರಡು ಇಂಚು ಕೆಳಗಿದ್ದ ಉಂಗುರ ನಾವೇ ತೋಡಿದ ಗುಂಡಿಗೆ ಜಾರುತ್ತದೆ, ಅದರ ಮೇಲೆ ನಾವೇ ತೆಗೆದ ಮರಳು ಬೀಳುತ್ತದೆ. ಹತ್ತು ಜನ ಸಹಾಯಕ್ಕೆ ಬಂದರಂತೂ ಮುಗಿಯಿತು, ಯಾರು ಎಲ್ಲಿ ಬಗೆದರು ಅಂತ ಯಾರಿಗೂ ನೆನಪಿರುವುದಿಲ್ಲ.

ಕಾಲ ಬಳಿ ಒಂದು ಚಪ್ಪಲಿ ಬಿಡಿ, ಅಥವಾ ಕೋಲು ನೆಡಿ. ಫೋನ್ ಮ್ಯಾಪ್‌ನಲ್ಲಿ ಆ ಜಾಗ ಸೇವ್ ಮಾಡಿ. ಆದರೆ ಅದನ್ನೇ ನಂಬಬೇಡಿ, ಫೋನಿನ ಗುರುತು ನಾಲ್ಕೈದು ಮೀಟರ್ ಆಚೀಚೆ ಆಗುವುದು ಮಾಮೂಲು. ಅದಕ್ಕೆ ನಿಂತಲ್ಲಿಂದಲೇ ನಾಲ್ಕೂ ದಿಕ್ಕಿಗೆ ಫೋಟೊ ತೆಗೆಯಿರಿ. ಎದುರಿಗೆ ಯಾವ ಅಂಗಡಿ, ಪಕ್ಕಕ್ಕೆ ಯಾವ ಲೈಟ್ ಕಂಬ, ಅಲೆ ಎಷ್ಟು ಹೆಜ್ಜೆ ದೂರ, ಎಲ್ಲ ಬರಲಿ. ಆಮೇಲೆ ಸಮಯ ಬರೆದಿಡಿ. ಕಡಲ ತೀರದಲ್ಲಿ ಜಾಗದಷ್ಟೇ ಸಮಯವೂ ಮುಖ್ಯ.

ಇಷ್ಟಾದ ಮೇಲೆ ಕಣ್ಣಲ್ಲಿ ಹುಡುಕಿ, ಕೈಯಲ್ಲಿ ಬೇಡ. ಸಂಜೆಯಾಗಿದ್ದರೆ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬೆಳಕು ಬಿಡಿ. ಮೇಲಿನಿಂದ ಕಾಣದ ಮೂಗುಬೊಟ್ಟು ಅಡ್ಡ ಬೆಳಕಿಗೆ ಮಿಣುಕ್ ಅನ್ನುತ್ತದೆ.

ಮನೆಯಲ್ಲೇ ಕಳೆದಿದೆ. ಕೆಲಸಕ್ಕೆ ಬರುವವರ ಮೇಲೆ ಅನುಮಾನ. ಪೊಲೀಸರಿಗೆ ಹೇಳುವುದಾ?

ಕಳ್ಳತನ ಅಂತ ಖಚಿತ ಗುರುತು ಇದ್ದರೆ, ಬೀಗ ಮುರಿದಿದ್ದರೆ, ಖಂಡಿತ ಹೇಳಿ. ಬರೀ 'ಇಟ್ಟಲ್ಲಿ ಇಲ್ಲ' ಅಂತಾದರೆ ದಯವಿಟ್ಟು ಮೊದಲು ಹುಡುಕಿ. ಈ ಕೆಲಸದಲ್ಲಿ ನಾನು ಕಲಿತದ್ದೇನು ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಒಂದು ಮನೆಯ ಕಥೆ ಹೇಳುತ್ತೇನೆ. ಹಿರಿಯಮ್ಮ ಸ್ನಾನಕ್ಕೆ ಹೋಗುವಾಗ ಓಲೆ ಬಿಚ್ಚಿ ಜಗಲಿಯ ತುದಿಯಲ್ಲಿ ಇಟ್ಟಿದ್ದರು. ಬಂದು ನೋಡಿದರೆ ಒಂದು ಮಾತ್ರ ಇದೆ. ಆ ದಿನ ಅಂಗಳ ಗುಡಿಸಿದ್ದು ಹನ್ನೆರಡು ವರ್ಷದಿಂದ ಬರುತ್ತಿದ್ದ ಹೆಂಗಸು. ಯಾರೂ ಬಾಯಿಬಿಟ್ಟು ಏನೂ ಅಂದಿರಲಿಲ್ಲವಂತೆ. ಆದರೆ ಮರುದಿನದಿಂದ ಚಹಾ ಕೊಡುವ ರೀತಿಯೇ ಬದಲಾಯಿತು. ನಾಲ್ಕನೇ ದಿನ ಆಕೆ ಕೆಲಸ ಬಿಟ್ಟರು. ನನಗೆ ಫೋನ್ ಬಂದದ್ದು ಎರಡು ವಾರದ ನಂತರ.

ಹೋಗಿ ಮೊದಲು ಕೇಳಿದ್ದು, ಗುಡಿಸಿದ ಕಸ ಎಲ್ಲಿಗೆ ಹೋಗುತ್ತದೆ ಅಂತ. ಹಿಡಿಸೂಡಿಯಲ್ಲಿ ಗುಡಿಸಿದ ತರಗೆಲೆ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಉಳಿದಿದ್ದ ಇನ್ನೊಂದು ಓಲೆಯನ್ನು ಮೆಷಿನ್ ಮುಂದೆ ಆಡಿಸಿ ಅದರ ಸದ್ದು, ಸ್ಕ್ರೀನ್ ಮೇಲೆ ಬರುವ ಅಂಕಿ ನೋಡಿಕೊಂಡೆ. ಮೂರನೇ ತೆಂಗಿನ ಬುಡದಲ್ಲಿ ಅದೇ ಅಂಕಿ. ಅರ್ಧ ಕೊಳೆತ ಹಲಸಿನೆಲೆಯ ಒಳಗೆ, ತಿರುಪು ಹಾಗೇ ಇದ್ದ ಓಲೆ. ಅದನ್ನು ಕೈಗೆ ಕೊಟ್ಟಾಗ ಆ ಅಮ್ಮ ಒಡವೆಯನ್ನು ನೋಡಲೇ ಇಲ್ಲ. "ಅವಳ ಮನೆಗೆ ಯಾರು ಹೋಗಿ ಹೇಳುವುದು ಈಗ?" ಅಂತ ಅತ್ತರು. ಅವರೇ ಹೋದರು, ಅದೇ ಸಂಜೆ. ಆದರೆ ಆ ಎರಡು ವಾರ ಯಾವ ಮೆಷಿನ್‌ಗೂ ಸಿಗುವುದಿಲ್ಲ.

ಅಂಜನ ಹಾಕಿಸಬಹುದಾ? ಕೊರಗಜ್ಜನಿಗೆ ಹೇಳಿಕೊಂಡಿದ್ದೇವೆ, ಸಿಗಬಹುದಾ?

ನಮ್ಮ ತುಳುನಾಡಿನಲ್ಲಿ ವಸ್ತು ಕಳೆದರೆ ಮೊದಲು ಬಾಯಿಗೆ ಬರುವುದೇ ಕೊರಗಜ್ಜ ದೈವದ ಹೆಸರು. ಚಕ್ಕುಲಿ, ವೀಳ್ಯ ಕೊಡುತ್ತೇವೆ ಅಂತ ಹೇಳಿಕೊಂಡರೆ ಮನಸ್ಸಿಗೆ ಒಂದು ಧೈರ್ಯ. ಧೈರ್ಯ ಬಂದವರಿಗೆ ನೆನಪೂ ಚೆನ್ನಾಗಿ ಬರುತ್ತದೆ, ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಾನೂ ಹೇಳಿಕೊಂಡೇ ಮೆಷಿನ್ ಆನ್ ಮಾಡುತ್ತೇನೆ.

ಅಂಜನದ ವಿಷಯದಲ್ಲಿ ಒಂದೇ ಕೋರಿಕೆ. ಅಲ್ಲಿ ಒಬ್ಬ ಮನುಷ್ಯನ ಗುರುತು ಹೇಳಿದರೆ ಅದನ್ನು ಸಾಕ್ಷಿ ಅಂತ ತಿಳಿಯಬೇಡಿ. ಮೇಲೆ ಹೇಳಿದ ಓಲೆಯನ್ನು ನೆನಪಿಡಿ.

ಮೆಟಲ್ ಡಿಟೆಕ್ಟರ್ ಕೆಲಸ ಮಾಡುವುದು ಹೇಗೆ?

ಕೋಲಿನ ತುದಿಯಲ್ಲಿರುವ ತಟ್ಟೆಯಂಥದ್ದಕ್ಕೆ ಕಾಯಿಲ್ ಅನ್ನುತ್ತೇವೆ. ಒಳಗೆ ತಾಮ್ರದ ತಂತಿ ಸುತ್ತಿರುತ್ತದೆ. ಅದರಲ್ಲಿ ವಿದ್ಯುತ್ ಹರಿದಾಗ ಸುತ್ತ ಒಂದು ಕಾಂತಕ್ಷೇತ್ರ ಏರುತ್ತ ಇಳಿಯುತ್ತ ಇರುತ್ತದೆ. ಅದು ನೆಲದಲ್ಲಿರುವ ಲೋಹಕ್ಕೆ ತಾಗಿದರೆ ಲೋಹದಲ್ಲೂ ಸಣ್ಣ ವಿದ್ಯುತ್ ಸುಳಿ ಹುಟ್ಟುತ್ತದೆ. ಆ ಸುಳಿ ತನ್ನದೇ ಕಾಂತಕ್ಷೇತ್ರವನ್ನು ತಿರುಗಿ ಕಳಿಸುತ್ತದೆ. ಮೆಷಿನ್ ಅದನ್ನು ಕೇಳಿಸಿಕೊಂಡು ಬೀಪ್ ಮಾಡುತ್ತದೆ.

ಇದು ಹಳೆಯ ಯೋಚನೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಮೈಯೊಳಗಿನ ಗುಂಡು ಹುಡುಕಲು ಇಂಥದ್ದೇ ಸಾಧನ ತಂದಿದ್ದರು. ಗುಂಡು ಸಿಗಲಿಲ್ಲ. ಅಧ್ಯಕ್ಷರು ಮಲಗಿದ್ದ ಹಾಸಿಗೆಯ ಲೋಹದ ಸ್ಪ್ರಿಂಗ್‌ಗಳು ಸದ್ದನ್ನು ಕೆಡಿಸಿದವು. ಈಗಲೂ ಅದೇ ಸಮಸ್ಯೆ. ಸಿಮೆಂಟ್ ಅಂಗಳದ ಕೆಳಗಿನ ಕಬ್ಬಿಣದ ಸರಳು, ತಂತಿ ಬೇಲಿ, ನಿಮ್ಮ ಜೇಬಿನ ಫೋನ್, ಎಲ್ಲ ಅಡ್ಡ ಬರುತ್ತವೆ. ಮಲೆನಾಡಿನ ತೋಟಗಳಲ್ಲಿ ಐಬೆಕ್ಸ್ ಬೇಲಿ (ಪ್ರಾಣಿಗಳನ್ನು ತಡೆಯುವ ವಿದ್ಯುತ್ ಬೇಲಿ) ಇದ್ದರೆ ನಾನು ಮೊದಲು ಅದನ್ನು ಆಫ್ ಮಾಡಿಸುತ್ತೇನೆ. ಅದು ಟಿಕ್ ಟಿಕ್ ಅಂತ ಹೊಡೆಯುವಾಗೆಲ್ಲ ಹೆಡ್‌ಫೋನ್‌ನಲ್ಲಿ ಸುಳ್ಳು ಸದ್ದು.

ಮೆಷಿನ್ 'ಇದು ಚಿನ್ನ' ಅಂತ ತೋರಿಸುತ್ತದಾ?

ಇಲ್ಲ. ಸ್ಕ್ರೀನ್ ಮೇಲೆ ಒಂದು ಅಂಕಿ ಬರುತ್ತದೆ, ಅಷ್ಟೇ. ಆ ಅಂಕಿ ಲೋಹದ ಜಾತಿ, ಗಾತ್ರ, ಆಕಾರ ಮೂರನ್ನೂ ಅವಲಂಬಿಸಿದೆ. ತೆಳು ಚಿನ್ನದುಂಗುರಕ್ಕೆ ಸಣ್ಣ ಅಂಕಿ, ದಪ್ಪದ್ದಕ್ಕೆ ನಡುವಿನ ಅಂಕಿ, ಬೆಳ್ಳಿ ಕಾಲುಂಗುರಕ್ಕೆ ಇನ್ನೂ ಮೇಲಿನದು. ತೊಂದರೆ ಏನೆಂದರೆ, ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆ, ಕ್ಯಾನಿನ ಕಿವಿ, ಇವೂ ಚಿನ್ನದ ಅಂಕಿಯನ್ನೇ ಕೊಡುತ್ತವೆ. ಆದ್ದರಿಂದ ಚಿನ್ನ ಬೇಕೆಂದರೆ ಕಸವನ್ನೂ ಅಗೆಯಲೇಬೇಕು. ಬೇರೆ ದಾರಿ ಇಲ್ಲ. ಮಲ್ಪೆಯಲ್ಲಿ ಒಂದು ಉಂಗುರಕ್ಕಾಗಿ ನಾನು ಒಂದು ಚೀಲ ಬಾಟಲಿ ಮುಚ್ಚಳ ತೆಗೆದಿದ್ದೇನೆ. ಕಡಲ ತೀರ ಅಷ್ಟಾದರೂ ಸ್ವಚ್ಛವಾಯಿತಲ್ಲ ಅನ್ನೋ ಸಮಾಧಾನ ಇದೆ.

ಯಾವ ಒಡವೆ ಸುಲಭವಾಗಿ ಸಿಗುತ್ತದೆ? ಯಾವುದು ಕಷ್ಟ?

ಉಂಗುರ, ಬಳೆ ಸುಲಭ. ಇಡಿಯಾದ ವೃತ್ತ ಆದ್ದರಿಂದ ವಿದ್ಯುತ್ ಸುಳಿ ಸರಾಗವಾಗಿ ಸುತ್ತುತ್ತದೆ, ಸದ್ದು ಗಟ್ಟಿ. ಅದೇ ಉಂಗುರ ಒಂದು ಕಡೆ ತುಂಡಾಗಿದ್ದರೆ ಸದ್ದು ತಗ್ಗುತ್ತದೆ. ಕಳೆಯುವ ಮೊದಲೇ ಬಿರುಕಿತ್ತಾ ಅಂತ ನಾನು ಕೇಳುವುದು ಅದಕ್ಕೇ.

ತೆಳು ಸರ ತುಂಬಾ ಕಷ್ಟ. ನೋಡಲು ಉದ್ದ ಇದ್ದರೂ ಮೆಷಿನ್‌ಗೆ ಅದು ಒಂದು ವಸ್ತು ಅಲ್ಲ, ನೂರಾರು ಪುಟ್ಟ ಕೊಂಡಿಗಳು. ಒಂದೊಂದು ಕೊಂಡಿಯೂ ಸಾಸಿವೆಯಷ್ಟು. ಹತ್ತು ಗ್ರಾಮಿನ ಸರ ಮೂರು ಇಂಚು ಕೆಳಗಿದ್ದರೂ ಕೆಲವೊಮ್ಮೆ ಸುಮ್ನೆ ದಾಟಿ ಹೋಗುತ್ತೇವೆ. ಇಂಥ ಕಡೆ ನಾವು ಹುಡುಕುವುದು ಸರವನ್ನಲ್ಲ, ಅದರ ಕೊಕ್ಕೆ ಅಥವಾ ಪದಕವನ್ನು.

ಕರಿಮಣಿ ಸರಕ್ಕೆ ಬೇರೆಯೇ ಉಪಾಯ. ಕರಿಮಣಿ ಗಾಜಿನದು, ಮೆಷಿನ್‌ಗೆ ಕಾಣುವುದೇ ಇಲ್ಲ. ಆದರೆ ಸರ ತುಂಡಾದಾಗ ಮಣಿಗಳು ಉದುರುತ್ತ ಹೋಗುತ್ತವೆ, ಅವು ಕಣ್ಣಿಗೆ ಕಾಣುತ್ತವೆ. ಒಂದು ಸಲ ಮದುವೆ ಮನೆಯ ಅಂಗಳದಲ್ಲಿ ನಾನು ಮೊಣಕಾಲೂರಿ ಕರಿಮಣಿ ಹೆಕ್ಕುತ್ತ ಹೋದೆ. ಚಪ್ಪರದಿಂದ ಕೈತೊಳೆಯುವ ನಳ್ಳಿವರೆಗೆ ಹನ್ನೊಂದು ಮಣಿ ಸಿಕ್ಕಿದವು. ಸಾಲು ಎಲ್ಲಿ ನಿಂತಿತೋ ಅಲ್ಲಿ ಮೆಷಿನ್ ಇಟ್ಟೆ. ತಾಳಿ ನಳ್ಳಿಯ ಕೆಸರಿನೊಳಗಿತ್ತು. ಆದ್ದರಿಂದ ಕರಿಮಣಿ ಬಿದ್ದಲ್ಲಿ ಗುಡಿಸಬೇಡಿ, ಮಣಿಗಳೇ ದಾರಿ ತೋರಿಸುತ್ತವೆ.

ಮೂಗುಬೊಟ್ಟು ಎಲ್ಲಕ್ಕಿಂತ ಕಷ್ಟ. ಒಂದೆರಡು ಇಂಚಿಗಿಂತ ಆಳಕ್ಕೆ ಹೋದರೆ ಸಾಮಾನ್ಯ ಮೆಷಿನ್‌ಗೆ ಸಿಗುವುದಿಲ್ಲ. ವಜ್ರ, ಮುತ್ತು, ಹವಳ ಲೋಹವಲ್ಲ, ಅವು ಕೂತಿರುವ ಚಿನ್ನದ ಕಟ್ಟು ಮಾತ್ರ ಸದ್ದು ಕೊಡುತ್ತದೆ. ಪ್ಲಾಟಿನಂ ಉಂಗುರ ಅಂಕಿಯಲ್ಲಿ ಕೆಳಗೆ ಬರುತ್ತದೆ, ಆದ್ದರಿಂದ ಕಳೆದದ್ದು ಪ್ಲಾಟಿನಂ ಅಂತ ಮೊದಲೇ ಹೇಳಿ.

ಮ್ಯಾಗ್ನೆಟ್ ಹಿಡಿದು ಹುಡುಕಿದರೆ?

ಚಿನ್ನ, ಬೆಳ್ಳಿ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಬಿಟ್ಟುಬಿಡಿ.

ಕಡಲ ತೀರದಲ್ಲಿ ಬಿದ್ದದ್ದು ಸಿಗುತ್ತದಾ? ಎಷ್ಟು ಬೇಗ ಹುಡುಕಬೇಕು?

ಎಲ್ಲಿ ಬಿತ್ತು ಅನ್ನುವುದರ ಮೇಲಿದೆ. ತೀರವನ್ನು ಮೂರು ಪಟ್ಟಿ ಅಂತ ಲೆಕ್ಕ ಹಾಕಿ.

ಮೇಲಿನ ಒಣ ಹೊಯ್ಗೆ, ಜನ ಟವೆಲ್ ಹಾಸಿ ಕೂರುವ ಜಾಗ. ಇಲ್ಲಿ ಬಿದ್ದ ಉಂಗುರ ಹೆಚ್ಚು ದೂರ ಹೋಗುವುದಿಲ್ಲ. ಜನರ ಕಾಲ್ತುಳಿತಕ್ಕೆ ಸ್ವಲ್ಪ ಕೆಳಗಿಳಿದಿರುತ್ತದೆ. ವಾರ ಬಿಟ್ಟು ಬಂದರೂ ಸಿಗುವ ಸಾಧ್ಯತೆ ಚೆನ್ನಾಗಿದೆ, ಬೇರೆ ಯಾರಿಗೂ ಸಿಕ್ಕಿರದಿದ್ದರೆ.

ನಡುವಿನ ಒದ್ದೆ ಹೊಯ್ಗೆ, ಅಲೆ ಬಂದು ಹೋಗುವ ಜಾಗ. ಇಲ್ಲಿ ಓಡಬೇಕು. ಮರಳಿನ ಕಣಕ್ಕೆ ನೀರಿನ ಎರಡೂವರೆ ಪಟ್ಟು ಚಿಲ್ಲರೆ ತೂಕ. 22 ಕ್ಯಾರೆಟ್ ಚಿನ್ನಕ್ಕೆ ಹದಿನೇಳು ಪಟ್ಟಿಗಿಂತ ಜಾಸ್ತಿ. ಪ್ರತಿ ಅಲೆಗೂ ಮರಳು ಸಡಿಲವಾಗುತ್ತದೆ, ಭಾರದ ಉಂಗುರ ಇನ್ನೊಂಚೂರು ಕೆಳಗೆ ಕೂರುತ್ತದೆ. ಅಲೆಯ ಬಾಯಲ್ಲಿ ನಿಂತಾಗ ನಮ್ಮ ಹಿಮ್ಮಡಿ ಹೂತುಹೋಗುವುದಿಲ್ಲವಾ, ಹಾಗೇ.

ಇನ್ನು ನೀರಿನೊಳಗೆ, ಸೊಂಟದವರೆಗೆ ನಿಂತು ಆಡುವಾಗ ಬಿದ್ದದ್ದು. ಶಕುಂತಲೆಯ ಕಾಲದಿಂದಲೂ ಉಂಗುರ ಜಾರುವುದು ನೀರಿನಲ್ಲೇ. ತಣ್ಣಗಿನ ನೀರಿಗೆ ಬೆರಳು ಸಣ್ಣಗಾಗುತ್ತದೆ, ಅಲೆ ಎಳೆಯುತ್ತದೆ, ಗೊತ್ತೇ ಆಗುವುದಿಲ್ಲ. ನೀರಿನಲ್ಲಿದ್ದಾಗ ಹುಡುಕಲು ಹೋಗಬೇಡಿ. ಇಳಿತಕ್ಕೆ ಕಾಯಿರಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಇಳಿತದಿಂದ ಮುಂದಿನದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ಬಿದ್ದಾಗ ಸೊಂಟದ ನೀರಿದ್ದ ಜಾಗ ಆಗ ಮೊಣಕಾಲಿನ ನೀರೋ, ಬರೀ ಒದ್ದೆ ಮರಳೋ ಆಗಿರುತ್ತದೆ. ಬಿದ್ದ ಸಮಯ ಬರೆದಿಡಿ ಅಂತ ಹೇಳಿದ್ದು ಇದಕ್ಕೇ. ಸಮಯ ಗೊತ್ತಿದ್ದರೆ ಆಗ ನೀರು ಎಲ್ಲಿಯವರೆಗಿತ್ತು ಅಂತ ಲೆಕ್ಕ ಹಾಕಬಹುದು.

ಒಂದು ಬೆಳಿಗ್ಗೆ ನಾಲ್ಕೂವರೆಗೆ ಮಲ್ಪೆಯಲ್ಲಿ ಹುಬ್ಬಳ್ಳಿಯ ಕಡೆಯ ಹೊಸ ಜೋಡಿಯೊಂದಿಗೆ ಇಳಿತಕ್ಕೆ ಕಾದಿದ್ದೆ. ಹಿಂದಿನ ಸಂಜೆ ಹುಡುಗನ ಉಂಗುರ ಹೋಗಿತ್ತು. ಹಗ್ಗ ಹಿಡಿದು ಸಾಲು ಹಾಕಿದೆವು. ಹೋಗುತ್ತ ಒಂದು ಸಾಲು, ಬರುತ್ತ ಅದಕ್ಕೆ ಅರ್ಧ ಒತ್ತಿ ಇನ್ನೊಂದು. ಆರನೇ ಸಾಲಿನಲ್ಲಿ ಮೆತ್ತಗಿನ, ದುಂಡಗಿನ ಸದ್ದು. ಕಸದ ಸದ್ದು ಒರಟು, ಮುರುಕು ಮುರುಕು. ಇದು ಹಾಗಿರಲಿಲ್ಲ, ಎಡದಿಂದ ಬೀಸಿದರೂ ಬಲದಿಂದ ಬೀಸಿದರೂ ಒಂದೇ ಥರ. ತೂತಿನ ಸಲಿಕೆಯಲ್ಲಿ ಮೊದಲ ಸಲ ಎತ್ತಿದೆ, ಇಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ನೀರಿನಲ್ಲಿ ಜಾಲಾಡಿದಾಗ ಸಲಿಕೆಯ ತಳದಲ್ಲಿ ಠಣ್ ಅಂತ ಒಂದು ಪುಟ್ಟ ಶಬ್ದ. ಒಂದು ಗೇಣು ಆಳದಲ್ಲಿತ್ತು, ಒಂದೇ ರಾತ್ರಿಗೆ. ಹುಡುಗಿ ಮರಳಿನಲ್ಲೇ ಕೂತುಬಿಟ್ಟಳು.

ಮಳೆಗಾಲದಲ್ಲಿ ಮಾತ್ರ ದಯವಿಟ್ಟು ನೀರಿಗೆ ಇಳಿಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ತೀರವನ್ನೇ ಕೊರೆಯುತ್ತದೆ, ಆಮೇಲೆ ನಿಧಾನಕ್ಕೆ ಮರಳು ತಂದು ತುಂಬುತ್ತದೆ. ಯಾವ ಉಂಗುರವೂ ಜೀವಕ್ಕಿಂತ ದೊಡ್ಡದಲ್ಲ. ಹೊನ್ನಾವರ, ಕಾರವಾರ ಕಡೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಬೇಲಿ ಹಾಕಿದ ಗೂಡಿನ ಹತ್ತಿರ ಅಗೆಯಬೇಡಿ.

ಉಪ್ಪು ನೀರಿನಲ್ಲಿ ನನ್ನ ಮೆಷಿನ್ ಒಂದೇ ಸಮನೆ ಕೂಗುತ್ತದೆ. ಹಾಳಾಗಿದೆಯಾ?

ಹಾಳಾಗಿಲ್ಲ. ಉಪ್ಪು ನೀರಿನಲ್ಲೂ ವಿದ್ಯುತ್ ಹರಿಯುತ್ತದೆ, ಆದ್ದರಿಂದ ಒಂದೇ ಫ್ರೀಕ್ವೆನ್ಸಿಯ ಮೆಷಿನ್ ಒದ್ದೆ ಮರಳನ್ನೇ ಲೋಹ ಅಂದುಕೊಳ್ಳುತ್ತದೆ. ಸೆನ್ಸಿಟಿವಿಟಿ ತಗ್ಗಿಸಿ, ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ನೆಲದ ಸದ್ದನ್ನು ಲೆಕ್ಕಕ್ಕೆ ಹಿಡಿಯದ ಹಾಗೆ ಮೆಷಿನ್ ಹೊಂದಿಸಿ. ಅದಕ್ಕೂ ಬಗ್ಗದಿದ್ದರೆ ಮಲ್ಟಿ ಫ್ರೀಕ್ವೆನ್ಸಿ ಅಥವಾ ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ವಿದ್ಯುತ್ ಮಿಡಿತ ಕಳಿಸುವ) ಮೆಷಿನ್ ಬೇಕು. ಪಲ್ಸ್ ಇಂಡಕ್ಷನ್ ಆಳಕ್ಕೆ ಒಳ್ಳೆಯದು, ಆದರೆ ಕಬ್ಬಿಣ ಯಾವುದು ಬೇರೆ ಯಾವುದು ಅಂತ ಸರಿಯಾಗಿ ಹೇಳುವುದಿಲ್ಲ. ಮೊಳೆಗಳನ್ನೂ ಅಗೆಯುವ ತಾಳ್ಮೆ ಇರಬೇಕು.

ಕೆಂಪು ಮಣ್ಣು, ಮುರಕಲ್ಲಿನ ಅಂಗಳದಲ್ಲಿ ಯಾಕೆ ಆಳಕ್ಕೆ ಸಿಗುವುದಿಲ್ಲ?

ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ತುಂಬಾ. ಆ ಕೆಂಪು ಬಣ್ಣವೇ ಅದರದ್ದು. ಮೆಷಿನ್‌ಗೆ ನೆಲವೇ ಮಾತಾಡಿದ ಹಾಗೆ ಕೇಳಿಸುತ್ತದೆ, ಉಂಗುರದ ಸಣ್ಣ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಒಳ್ಳೆಯ ಮಣ್ಣಿನಲ್ಲಿ ಒಂದು ಗೇಣಿಗೆ ಸಿಗುವ ಉಂಗುರ ಇಲ್ಲಿ ಅರ್ಧ ಗೇಣಿಗೂ ಸಿಗದಿರಬಹುದು. ನಿಮ್ಮ ಅಂಗಳದಲ್ಲೇ, ಕಸ ಇಲ್ಲದ ಒಂದು ಕಡೆ ಗ್ರೌಂಡ್ ಬ್ಯಾಲೆನ್ಸ್ ಮಾಡಿಕೊಂಡು ಶುರು ಮಾಡಿ. ಕಾಯಿಲ್ ಅನ್ನು ನೆಲಕ್ಕೆ ಒಂದಿಂಚು ಎತ್ತರದಲ್ಲಿ, ಸಮವಾಗಿ, ನಿಧಾನವಾಗಿ ಬೀಸಿ. ಹೊಸಬರು ಬೀಸಿನ ಎರಡೂ ತುದಿಯಲ್ಲಿ ಕಾಯಿಲ್ ಮೇಲೆತ್ತುತ್ತಾರೆ, ಹುಲ್ಲು ಕತ್ತರಿಸುವ ಹಾಗೆ. ಉಂಗುರ ತಪ್ಪುವುದು ಅಲ್ಲೇ.

ಅಡಿಕೆ ತೋಟದಲ್ಲಿ ಸೊಪ್ಪು ಹೊದೆಸಿದ್ದರೆ ಒಡವೆ ಮಣ್ಣಿಗೇ ತಾಗಿರುವುದಿಲ್ಲ, ಸೊಪ್ಪಿನ ನಡುವೆ ಇರುತ್ತದೆ. ಸೊಪ್ಪನ್ನು ಪದರ ಪದರವಾಗಿ ಟಾರ್ಪಾಲಿನ ಮೇಲೆ ತೆಗೆದು ಹಾಕಿ, ಅಲ್ಲೇ ಮೆಷಿನ್ ಆಡಿಸಿ. ಹಟ್ಟಿ ಗೊಬ್ಬರಕ್ಕೂ ಇದೇ ದಾರಿ. ದನಕ್ಕೆ ಹುಲ್ಲು ಹಾಕುವಾಗ ಬೀಸಿದ ಕೈಯಿಂದ ಉಂಗುರ ಹಾರುವುದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಕೆಸರುಗದ್ದೆ ಆಟದಲ್ಲಿ ಉಂಗುರ ಹೋಯಿತು. ಆಸೆ ಬಿಡುವುದಾ?

ಬಿಡಬೇಡಿ. ಕೆಸರು ಕಷ್ಟ ಅನಿಸುತ್ತದೆ, ನಿಜ ಹೇಳಬೇಕೆಂದರೆ ಅದು ಸುಲಭದ ಜಾಗ. ಗದ್ದೆಗೆ ನಾಲ್ಕು ಕಡೆ ಹುಣಿ (ಬದು) ಇದೆ, ಉಂಗುರ ಎಲ್ಲಿಗೂ ಓಡುವುದಿಲ್ಲ. ಗದ್ದೆಯಲ್ಲಿ ಬಾಟಲಿ ಮುಚ್ಚಳವೂ ಕಡಿಮೆ. ನೀರು ಬಸಿದು ಕೆಸರು ಗಟ್ಟಿಯಾಗಲಿ, ಅಲ್ಲಿಯವರೆಗೆ ಗದ್ದೆಯವರಿಗೆ ಒಂದು ಮಾತು ಹೇಳಿ, ಉಳುವುದನ್ನು ಮುಂದೆ ಹಾಕುತ್ತಾರೆ. ನೇಜಿ (ಭತ್ತದ ಸಸಿ) ನೆಟ್ಟಿದ್ದರೆ ಕೊಯ್ಲಿನವರೆಗೆ ಕಾಯುವುದೇ ಮರ್ಯಾದೆ. ಒಬ್ಬರು ಆಗಸ್ಟ್‌ನಲ್ಲಿ ಕಳೆದ ಉಂಗುರಕ್ಕೆ ನವೆಂಬರ್‌ವರೆಗೆ ಕಾದರು. ಕೊಯ್ದ ಗದ್ದೆಯ ಕೂಳೆಗಳ ನಡುವೆ ನಲವತ್ತು ನಿಮಿಷಕ್ಕೆ ಸಿಕ್ಕಿತು.

ನದಿಯ ಸ್ನಾನಘಟ್ಟದಲ್ಲಿ, ಬಾವಿಯಲ್ಲಿ ಬಿದ್ದರೆ?

ನದಿಯಲ್ಲಿ ಚಿನ್ನ ತೇಲಿ ಹೋಗುವುದಿಲ್ಲ. ಸಾಧಾರಣ ಹರಿವಿನಲ್ಲಿ ಬಿದ್ದಲ್ಲೇ ಮುಳುಗಿ, ಕಲ್ಲಿನ ಸಂದಿಗೆ ಸೇರುತ್ತದೆ. ದೊಡ್ಡ ನೆರೆ ಬಂದರೆ ಬೇರೆ ಮಾತು. ಕುಮಾರಧಾರೆ, ನೇತ್ರಾವತಿಯಂಥ ಕಡೆ ಇನ್ನೊಂದು ತೊಡಕು, ಭಕ್ತರು ಹಾಕಿದ ನಾಣ್ಯ. ಹೆಜ್ಜೆಗೊಂದು ಬೀಪ್. ಅಲ್ಲಿ ಹುಡುಕುವ ಮೊದಲು ಆಡಳಿತದವರ ಒಪ್ಪಿಗೆ ಬೇಕು. ನಾಣ್ಯ ತೆಗೆಯುವುದು ನಮ್ಮ ಕೆಲಸವಲ್ಲ, ಸಿಕ್ಕಿದ್ದನ್ನು ಅಲ್ಲೇ ಬಿಡಿ.

ಉಂಗುರ ಎಲ್ಲಿ ಬಿದ್ದಿರಬಹುದು ಅಂತ ತಿಳಿಯಲು ಒಂದು ಉಪಾಯ ಇದೆ. ಅಷ್ಟೇ ಗಾತ್ರದ ನಟ್ಟಿಗೆ ಕೆಂಪು ರಿಬ್ಬನ್ ಕಟ್ಟಿ. ನಿಂತ ಜಾಗದಲ್ಲೇ ನಿಂತು, ಆಗ ಕೈ ಹೇಗೆ ಬೀಸಿದಿರೋ ಹಾಗೇ ಬೀಸಿ ಬಿಡಿ. ಮೂರು ನಾಲ್ಕು ಸಲ ಮಾಡಿ. ನೀವು ಹುಡುಕುತ್ತಿದ್ದ ಜಾಗಕ್ಕೂ ನಟ್ಟು ಬಿದ್ದ ಜಾಗಕ್ಕೂ ಎಷ್ಟು ಅಂತರ ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಕೈ ಕೊಡವಿದಾಗ ಹಾರುವ ಉಂಗುರ ಐದಾರು ಮೀಟರ್ ದೂರ ಹೋಗಬಹುದು. ಹುಲ್ಲಿನ ಅಂಗಳಕ್ಕೂ ಇದು ಆಗುತ್ತದೆ.

ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಎತ್ತುತ್ತದೆ, ಉಂಗುರವನ್ನಲ್ಲ. ಬೇಸಿಗೆಯಲ್ಲಿ ಬಾವಿ ಕೆಸರು ತೆಗೆಸುವಾಗ ಪ್ರತಿ ಬುಟ್ಟಿಯನ್ನೂ ಒಂದು ಹಾಳೆ ಮೇಲೆ ಸುರಿದು ನೋಡುವುದೇ ಸರಿ. ಅಭ್ಯಾಸ ಇಲ್ಲದವರು ಬಾವಿಗೆ ಇಳಿಯಬಾರದು, ಒಳಗೆ ಉಸಿರು ಕಟ್ಟುವ ಗಾಳಿ ಇರಬಹುದು.

ಮನೆಯೊಳಗೆ ಎಲ್ಲೆಲ್ಲಿ ನೋಡಬೇಕು?

ಸಿಂಕ್ ಕೆಳಗಿನ ಬಾಗಿದ ಪೈಪ್ ಬಿಚ್ಚಿ, ಕೆಳಗೆ ಬಕೆಟ್ ಇಟ್ಟುಕೊಂಡು. ವಾಷಿಂಗ್ ಮೆಷಿನ್ ಫಿಲ್ಟರ್. ಹಿಟ್ಟು ಕಲಸಿದ ಪಾತ್ರೆ. ತಲೆದಿಂಬಿನ ಚೀಲದ ಮೂಲೆ. ಕಾರಿನ ಸೀಟಿನ ಸಂದಿ. ತರಕಾರಿ ಸಿಪ್ಪೆ ಹಾಕಿದ ಬುಟ್ಟಿ. ಇದೆಲ್ಲ ಆದ ಮೇಲೆ ನನ್ನಂಥವರನ್ನು ಕರೆಯಿರಿ.

ಯಾವ ಮೆಷಿನ್ ಕೊಳ್ಳಲಿ?

ಒಂದು ಉಂಗುರಕ್ಕಾಗಿ ಕೊಳ್ಳಬೇಡಿ, ಇರುವವರನ್ನು ಕರೆಯಿರಿ. ಹವ್ಯಾಸಕ್ಕಾದರೆ ಗ್ಯಾರೆಟ್, ಮೈನ್‌ಲ್ಯಾಬ್, ನೋಕ್ಟಾ ಹೆಸರಿನ ಮೆಷಿನ್‌ಗಳು ಚಾಲ್ತಿಯಲ್ಲಿವೆ. ಕರಾವಳಿಯವರು ನೀರಿಗೆ ತಡೆಯುವ, ಮಲ್ಟಿ ಫ್ರೀಕ್ವೆನ್ಸಿ ಇರುವುದನ್ನೇ ನೋಡಿ. ಜೊತೆಗೆ ಅಗೆದ ಮಣ್ಣಿನಲ್ಲಿ ಒಡವೆ ಇರುವ ಜಾಗ ತೋರಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಪಿನ್‌ಪಾಯಿಂಟರ್ ಬೇಕೇ ಬೇಕು. ಅದಿಲ್ಲದಿದ್ದರೆ ಓಲೆ ಇರುವ ಮುಷ್ಟಿ ಮಣ್ಣನ್ನೇ ಬಿಸಾಡಿಬಿಡುತ್ತೇವೆ.

ಒಂದು ಎಚ್ಚರಿಕೆ. 'ಐವತ್ತು ಮೀಟರ್ ದೂರದಿಂದ ಚಿನ್ನದ ದಿಕ್ಕು ತೋರಿಸುತ್ತದೆ' ಅಂತ ಲಕ್ಷಗಟ್ಟಲೆಗೆ ಮಾರುವ ಲೊಕೇಟರ್‌ಗಳು ಬರೀ ಮೋಸ. ಉಂಗುರದಷ್ಟು ಚಿನ್ನವನ್ನು ಅಷ್ಟು ದೂರದಿಂದ ಹಿಡಿಯುವ ಮೆಷಿನ್ ಇಲ್ಲ. ಅಕ್ಕಿಯನ್ನು ತನ್ನತ್ತ ಎಳೆಯುವ 'ರೈಸ್ ಪುಲ್ಲಿಂಗ್' ಪಾತ್ರೆ ಅಂತ ನಂಬಿಸಿ ಎಷ್ಟೋ ಮನೆ ಹಾಳು ಮಾಡಿದ ಮೋಸದ ಸಾಲಿಗೇ ಇದೂ ಸೇರಿದ್ದು.

ಮೆಷಿನ್ ಹಿಡಿದರೆ ಊರಿನವರು ನಿಧಿ ಹುಡುಕುತ್ತಿದ್ದೀರಾ ಅಂತಾರೆ. ಕಾನೂನು ಏನು?

ಹಾಗೆ ಕೇಳುವುದು ತಪ್ಪಲ್ಲ. ನಿಧಿಗಳ್ಳರು ನಮ್ಮ ಎಷ್ಟು ಹಳೆ ಗುಡಿಗಳ ಪೀಠ ಕಿತ್ತು ಹಾಕಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ನಾನು ಜಾಗದ ಯಜಮಾನರ ಒಪ್ಪಿಗೆ ಇಲ್ಲದೆ, ಒಡವೆ ಕಳೆದವರು ಜೊತೆಗಿಲ್ಲದೆ ಎಲ್ಲೂ ಹೋಗುವುದಿಲ್ಲ.

ಹಂಪಿ, ಬಾದಾಮಿ, ಪಟ್ಟದಕಲ್ಲು, ಹಳೇಬೀಡು, ಯಾವುದೇ ಹಳೆ ಕೋಟೆ, ಗುಡಿ, ಹಾಳೂರು, ಅಲ್ಲಿಗೆ ಮೆಷಿನ್ ಒಯ್ಯುವುದು ಬೇಡವೇ ಬೇಡ. ರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಸ್ಮಾರಕಗಳ ಕಾಯಿದೆ ಪ್ರಕಾರ ಅಪರಾಧ. ಇನ್ನು ನೆಲದಡಿ ನಿಜವಾಗಿ ಹಳೆ ನಾಣ್ಯ, ಒಡವೆ ಸಿಕ್ಕರೆ? 1878ರಲ್ಲಿ ಬ್ರಿಟಿಷರು ತಂದ ನಿಧಿ ಕಾಯಿದೆಯಿಂದ ಹಿಡಿದು ಕರ್ನಾಟಕದ 1962ರ ಕಾಯಿದೆಯವರೆಗೆ ಮಾತು ಒಂದೇ, ಸರ್ಕಾರಕ್ಕೆ ತಿಳಿಸಬೇಕು. ಅಗೆಯುವುದು ನಿಲ್ಲಿಸಿ, ಮುಟ್ಟದೆ, ತಹಶೀಲ್ದಾರರಿಗೋ ಪೊಲೀಸರಿಗೋ ಹೇಳಿ.

ಬೇರೆ ಯಾರದ್ದೋ ಉಂಗುರ ಸಿಕ್ಕಿತು. ನಾನು ಇಟ್ಟುಕೊಳ್ಳಬಹುದಾ?

ಇಲ್ಲ. ಬೇರೆಯವರ ವಸ್ತು ಅಂತ ಗೊತ್ತಿದ್ದೂ ಯಜಮಾನರನ್ನು ಹುಡುಕದೆ ನುಂಗಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ ಅಪರಾಧ. ಹತ್ತಿರದ ಠಾಣೆಗೆ ಕೊಟ್ಟು, ಕೊಟ್ಟದ್ದಕ್ಕೆ ಬರೆಸಿಕೊಳ್ಳಿ.

ಯಜಮಾನರನ್ನು ಹುಡುಕಲು ಉಂಗುರದ ಒಳಬದಿ ನೋಡಿ. ಹೆಸರು, ಮದುವೆ ದಿನ ಕೆತ್ತಿಸಿರುತ್ತಾರೆ. ಹಾಲ್‌ಮಾರ್ಕ್ ಇದ್ದರೆ ತ್ರಿಕೋನದ ಗುರುತು, 22ಕೆ916 ಅನ್ನುವ ಶುದ್ಧತೆ, ಆಮೇಲೆ ಅಕ್ಷರ-ಅಂಕಿ ಸೇರಿದ ಆರು ಗುರುತುಗಳ ಎಚ್‌ಯುಐಡಿ, ಅಂದರೆ ಆ ಒಡವೆಗೇ ಕೊಟ್ಟ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಗುರುತು ಹಾಕಿದರೆ ಒಡವೆ ಯಾವ ಬಗೆಯದು, ಎಷ್ಟು ಶುದ್ಧ, ಹಾಲ್‌ಮಾರ್ಕ್ ಮಾಡಿಸಿದ ಆಭರಣದವರು ಯಾರು ಅಂತ ಬರುತ್ತದೆ. ಕೊಂಡವರ ಹೆಸರು ಬರುವುದಿಲ್ಲ, ಆದರೆ ಅಂಗಡಿಯ ಸುಳಿವು ಸಿಕ್ಕರೆ ಅರ್ಧ ಕೆಲಸ ಆಯಿತು.

'ಉಂಗುರ ಸಿಕ್ಕಿದೆ' ಅಂತ ವಾಟ್ಸಾಪ್‌ನಲ್ಲಿ ಹಾಕುವಾಗ ಫೋಟೊ ಹಾಕಬೇಡಿ ಮಾರಾಯ್ರೆ. ಫೋಟೊ ನೋಡಿದ ಹತ್ತು ಜನ ತಮ್ಮದೇ ಅಂತಾರೆ. ಕಲ್ಲಿನ ಬಣ್ಣ, ಒಳಗಿನ ಅಕ್ಷರ ಅವರೇ ಹೇಳಲಿ.

ಹುಡುಕಿಕೊಟ್ಟರೆ ಎಷ್ಟು ಕೊಡಬೇಕು?

ನಾನು ಬಸ್ಸಿನ, ಪೆಟ್ರೋಲಿನ ಖರ್ಚು ಮಾತ್ರ ಕೇಳುತ್ತೇನೆ. ಸಿಕ್ಕರೆ ಅವರು ಪ್ರೀತಿಯಿಂದ ಕೊಟ್ಟದ್ದು. ಬೇರೆಯವರು ಬೇರೆ ರೀತಿ ಇರಬಹುದು, ಅದೂ ನ್ಯಾಯವೇ. ಯಾವುದಾದರೂ ಮೊದಲೇ ಮಾತಾಡಿಕೊಳ್ಳಿ. ಹಾಗೇ ಒಡವೆಯ ಫೋಟೊ, ತೂಕ, ಬಿಲ್ ಇದ್ದರೆ ತನ್ನಿ. ಓಲೆಯಾದರೆ ಅದರ ಜೋಡಿಯನ್ನು ಮರೆಯದೆ ತನ್ನಿ.

ವರ್ಷಗಳಾದ ಮೇಲೂ ಸಿಗಬಹುದಾ?

ಸಿಗಬಹುದು. ಚಿನ್ನಕ್ಕೆ ತುಕ್ಕಿಲ್ಲ. ಸ್ವೀಡನ್‌ನ ಒಬ್ಬ ಮಹಿಳೆ 1995ರಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಟ್ಟ ಉಂಗುರ ಕಾಣೆಯಾಯಿತು. ಮನೆಯೆಲ್ಲ ಹುಡುಕಿದರು. 2011ರಲ್ಲಿ ತಮ್ಮದೇ ಹಿತ್ತಲಲ್ಲಿ ಗಜ್ಜರಿ ಕೀಳುವಾಗ ಒಂದು ಗಜ್ಜರಿ ಆ ಉಂಗುರವನ್ನು ಸೊಂಟಕ್ಕೆ ತೊಟ್ಟುಕೊಂಡೇ ಬಂತು. ತರಕಾರಿ ಸಿಪ್ಪೆಯ ಜೊತೆ ಹಿತ್ತಲಿಗೆ ಹೋಗಿರಬೇಕು ಅಂತ ಮನೆಯವರ ಅಂದಾಜು.

ಆದ್ದರಿಂದ ಹುಡುಕಿ ಸಾಕಾದ ಮೇಲೂ ಒಂದು ಕೆಲಸ ಮಾಡಿಡಿ. ಎಲ್ಲಿ, ಯಾವಾಗ, ಏನು ಕಳೆಯಿತು ಅಂತ ಒಂದು ಚೀಟಿಯಲ್ಲಿ ಬರೆದು ಒಡವೆಯ ಬಿಲ್ ಜೊತೆ ಇಡಿ. ತೆಂಗಿನ ಬುಡ ಬಿಡಿಸುವವರಿಗೆ, ಗದ್ದೆ ಉಳುವವರಿಗೆ, ಅಂಗಳಕ್ಕೆ ಜೆಸಿಬಿ ತರುವವರಿಗೆ ಹೇಳಿಡಿ. ಮನೆಯ ಮಕ್ಕಳಿಗೂ ಆ ಜಾಗ ತೋರಿಸಿಡಿ.